ಮನದ ಬಾಗಿಲ ಕಾವಲು

ಕೆಟ್ಟ ಕೆಲಸ ಮಾಡಿದವನನ್ನು ಕಾನೂನು ಹಿಡಿಯುತ್ತದೆ. ಕೆಟ್ಟ ಮಾತಾಡಿದವನನ್ನು ಒಮ್ಮೊಮ್ಮೆಯಾದರೂ ನಾಲ್ಕು ಜನ ನಿಲ್ಲಿಸಿ ಕೇಳುತ್ತಾರೆ. ಆದರೆ ಕೆಟ್ಟದ್ದನ್ನು ಬರೇ ಯೋಚಿಸಿದವನನ್ನು ಕೇಳುವವರು ಯಾರು? ಮದುವೆ ಮನೆಯಲ್ಲಿ ದಾಯಾದಿಯೊಬ್ಬರು ಎದುರಾಗುತ್ತಾರೆ. ನಾವು ಕೈ ಹಿಡಿದು ಕುಶಲ ವಿಚಾರಿಸುತ್ತೇವೆ, ಪಕ್ಕದಲ್ಲೇ ಕುಳಿತು ಊಟವನ್ನೂ ಮಾಡುತ್ತೇವೆ. ಒಳಗೆ ಮಾತ್ರ ಹತ್ತು ವರ್ಷದ ಹಿಂದಿನ ಆಸ್ತಿ ಪಾಲಿನ ಜಗಳ ಮತ್ತೆ ಮೊದಲಿನಿಂದ ನಡೆಯುತ್ತಿರುತ್ತದೆ. ಅಂದು ಹೇಳದೆ ಉಳಿದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿ ಮುಗಿಸುತ್ತೇವೆ. ಅವರ ಅಂಗಡಿಯ ವ್ಯಾಪಾರ ಇಳಿದಿದೆಯಂತೆ ಎಂದು ಯಾರೋ ಹೇಳಿದಾಗ ಬಾಯಲ್ಲಿ ‘ಅಯ್ಯೋ ಪಾಪ’ ಎನ್ನುತ್ತೇವೆ. ಎದೆಯೊಳಗೆ ಸಣ್ಣದೊಂದು ತಂಪು ಸುಳಿದು ಹೋಗುತ್ತದೆ. ಇದಕ್ಕೆ ಸಾಕ್ಷಿ ಇಲ್ಲ, ದೂರು ಕೊಡುವವರೂ ಇಲ್ಲ. ಹಾಗಾದರೆ ಇದು ತಪ್ಪೇ? ತಪ್ಪಾದರೆ, ಯಾವ ಕ್ಷಣದಿಂದ ತಪ್ಪು?

ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡ ಪರಂಪರೆಗಳಲ್ಲಿ ಕ್ರೈಸ್ತ ಧರ್ಮದ್ದೂ ಒಂದು. ಹೃದಯವನ್ನು ಎಲ್ಲಕ್ಕಿಂತ ಜಾಗರೂಕತೆಯಿಂದ ಕಾಯಬೇಕು, ಬದುಕಿನ ಬುಗ್ಗೆ ಇರುವುದು ಅಲ್ಲೇ ಎಂಬ ಉಪದೇಶ ಬೈಬಲಿನ ಜ್ಞಾನೋಕ್ತಿಗಳ ನಾಲ್ಕನೆಯ ಅಧ್ಯಾಯದಲ್ಲಿದೆ. ಇಲ್ಲಿ ಹೃದಯವೆಂದರೆ ಬರೇ ಭಾವನೆಯ ನೆಲೆಯಲ್ಲ. ಹೀಬ್ರೂ ಭಾಷೆಯಲ್ಲಿ ಆ ಪದಕ್ಕೆ ಯೋಚಿಸುವ, ನೆನೆಯುವ, ನಿರ್ಧರಿಸುವ ಒಳಗಿನ ಇಡೀ ಮನುಷ್ಯ ಎಂಬ ಅರ್ಥವಿದೆ. ಕನ್ನಡದಲ್ಲಿ ನಾವು ‘ಮನಸ್ಸು ಮಾಡಿದೆ’ ಎಂದು ಹೇಳುವಾಗಿನ ಮನಸ್ಸು ಅದಕ್ಕೆ ಹತ್ತಿರವಾದೀತು. ಮತ್ತಾಯನ ಸುವಾರ್ತೆಯ ಪರ್ವತ ಪ್ರಸಂಗದಲ್ಲಿ ಯೇಸು ಈ ಮಾತನ್ನು ಇನ್ನೂ ಮುಂದಕ್ಕೆ ಒಯ್ಯುತ್ತಾರೆ. ಕೊಲೆ ಮಾಡಬಾರದೆಂಬುದು ಹಳೆಯ ಆಜ್ಞೆ. ಸಹೋದರನ ಮೇಲೆ ಸಿಟ್ಟನ್ನು ಇಟ್ಟುಕೊಂಡವನೂ ನ್ಯಾಯವಿಚಾರಣೆಗೆ ಗುರಿಯೆಂದು ಅವರು ಹೇಳುತ್ತಾರೆ. ವ್ಯಭಿಚಾರ ಮಾಡಬಾರದೆಂಬುದು ಆಜ್ಞೆ; ಪರಸ್ತ್ರೀಯನ್ನು ಕಾಮದ ಬಯಕೆಯಿಂದ ನೋಡಿದವನೇ ಮನಸ್ಸಿನಲ್ಲಿ ಅದನ್ನು ಮಾಡಿ ಮುಗಿಸಿದ್ದಾನೆ ಎನ್ನುತ್ತಾರೆ. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ, ಮನುಷ್ಯನನ್ನು ಅಶುದ್ಧಗೊಳಿಸುವುದು ಹೊರಗಿನಿಂದ ಒಳಗೆ ಹೋಗುವ ಆಹಾರವಲ್ಲ, ಹೃದಯದಿಂದ ಹೊರಡುವ ಕೆಟ್ಟ ಆಲೋಚನೆಗಳು ಎಂಬ ಮಾತು ಬರುತ್ತದೆ.

ಇದನ್ನು ಕೇಳಿದ ಪ್ರಾಮಾಣಿಕ ಮನುಷ್ಯನಿಗೆ ಭಯವಾಗುವುದು ಸಹಜ. ಕೈಯನ್ನು ತಡೆದುಕೊಳ್ಳಬಹುದು, ನಾಲಗೆಯನ್ನು ಕಷ್ಟಪಟ್ಟಾದರೂ ಬಿಗಿಹಿಡಿಯಬಹುದು. ಆದರೆ ಆಲೋಚನೆ ನಮ್ಮನ್ನು ಕೇಳಿ ಬರುತ್ತದೆಯೇ? ಪ್ರಾರ್ಥನೆಗೆ ಕುಳಿತಾಗಲೇ ಸಾಲದ ನೆನಪು, ಹಗೆಯ ನೆನಪು, ಯಾವುದೋ ಕಾಮದ ಚಿತ್ರ ನುಗ್ಗಿ ಬರುತ್ತದೆ. ಕರೆಯದೆ ಬಂದದ್ದಕ್ಕೆಲ್ಲ ನಾವೇ ಹೊಣೆಯೆಂದಾದರೆ ಪಾರಾಗುವವರು ಯಾರು?

ಈ ತೊಡಕನ್ನು ಬಿಡಿಸಲು ಪ್ರಯತ್ನಿಸಿದವರು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು. ಮೂರನೆಯ ಶತಮಾನದ ಕೊನೆಯಿಂದ ನಾಲ್ಕನೆಯ ಶತಮಾನದುದ್ದಕ್ಕೂ ಸಾವಿರಾರು ಜನ ಊರು ಬಿಟ್ಟು ನೈಲ್ ನದಿಯ ಆಚೀಚಿನ ಮರಳುಗಾಡಿಗೆ ಹೋದರು. ಅವರಲ್ಲಿ ಬಹಳ ಪ್ರಸಿದ್ಧರು ಸಂತ ಅಂತೋಣಿ. ಅಲ್ಲಿ ಕದಿಯಲು ಸೊತ್ತಿಲ್ಲ, ನೋಡಲು ಸಂತೆಯಿಲ್ಲ. ಹೊರಗಿನ ಪ್ರಪಂಚವನ್ನು ಬಿಟ್ಟು ಬಂದರೆ ಶಾಂತಿ ಸಿಕ್ಕೀತೆಂದುಕೊಂಡವರಿಗೆ ತಿಳಿದದ್ದೇ ಬೇರೆ. ಬಿಟ್ಟು ಬಂದದ್ದೆಲ್ಲ ಆಲೋಚನೆಯ ರೂಪದಲ್ಲಿ ಅವರ ಬೆನ್ನ ಹಿಂದೆಯೇ ಬಂದಿತ್ತು. ವಸ್ತುಗಳೊಡನೆ ಹೋರಾಡುವುದಕ್ಕಿಂತ ಅವುಗಳ ನೆನಪಿನೊಡನೆ ಹೋರಾಡುವುದು ಕಷ್ಟವೆಂಬುದು ಅವರ ಅನುಭವವಾಯಿತು.

ಈ ಅನುಭವವನ್ನು ಶಿಸ್ತಿನಿಂದ ಬರೆದಿಟ್ಟವರು ಇವಾಗ್ರಿಯಸ್. ಸುಮಾರು 345ರಲ್ಲಿ ಕಪ್ಪು ಸಮುದ್ರದ ಬಳಿಯ ಪೊಂಟಸ್ ಪ್ರಾಂತ್ಯದಲ್ಲಿ ಹುಟ್ಟಿದ ಅವರು ಕಾನ್‌ಸ್ಟಾಂಟಿನೋಪಲ್ ನಗರದ ಚರ್ಚಿನಲ್ಲಿ ಧರ್ಮಸೇವಕರಾಗಿದ್ದರು. ದೊಡ್ಡ ವಿದ್ವಾಂಸರು, ವಾಗ್ವಾದದಲ್ಲಿ ಸೋಲರಿಯದವರು. ಅಲ್ಲಿ ಉನ್ನತ ಅಧಿಕಾರಿಯೊಬ್ಬರ ಪತ್ನಿಯ ಮೇಲೆ ಅವರಿಗೆ ಮೋಹ ಹುಟ್ಟಿತು. ಕನಸಿನಲ್ಲಿ ಸೆರೆಯಾದಂತೆ ಕಂಡು, ನಗರ ಬಿಡುತ್ತೇನೆಂದು ಆ ಕನಸಿನಲ್ಲೇ ಆಣೆಯಿಟ್ಟು, ಎಚ್ಚರವಾದ ಮೇಲೆ ಹಡಗು ಹತ್ತಿದರೆಂದು ಅವರ ಶಿಷ್ಯ ಪಲ್ಲೇಡಿಯಸ್ ಬರೆದಿದ್ದಾರೆ. ಜೆರುಸಲೇಮಿಗೆ ಬಂದರೂ ಮನಸ್ಸು ಮತ್ತೆ ಹಳೆಯ ಆಡಂಬರದತ್ತ ವಾಲಿತು. ಅಲ್ಲಿ ಹಾಸಿಗೆ ಹಿಡಿದರು. ಕಾಯಿಲೆ ವೈದ್ಯರಿಗೆ ತಿಳಿಯಲಿಲ್ಲ. ಮೆಲಾನಿಯಾ ಎಂಬ ಸನ್ಯಾಸಿನಿ ಒಳಗಿನದನ್ನು ಬಾಯಿಬಿಟ್ಟು ಹೇಳಿಸಿದ ಮೇಲೆಯೇ ಅವರು ಚೇತರಿಸಿಕೊಂಡದ್ದು. ಆಮೇಲೆ ಈಜಿಪ್ಟಿಗೆ ಹೋಗಿ, ನಿಟ್ರಿಯಾದಲ್ಲಿ ಎರಡು ವರ್ಷ, ಕೆಲ್ಲಿಯಾ ಎಂಬ ಮರುಭೂಮಿಯ ನೆಲೆಯಲ್ಲಿ ಹದಿನಾಲ್ಕು ವರ್ಷ ಕಳೆದು 399ರಲ್ಲಿ ತೀರಿಕೊಂಡರು. ಪುಸ್ತಕಗಳ ಪ್ರತಿ ಮಾಡಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದರು. ಮನಸ್ಸಿನ ಕಾವಲಿನ ಬಗ್ಗೆ ಬರೆದವರು ಕಾವಲು ತಪ್ಪುವುದು ಏನೆಂದು ಸ್ವತಃ ತಿಳಿದವರೇ ಆಗಿದ್ದರು ಎಂಬುದನ್ನು ನಾವು ಮರೆಯಬಾರದು.

ಇವಾಗ್ರಿಯಸ್ ಎಂಟು ಆಲೋಚನೆಗಳ ಪಟ್ಟಿಯೊಂದನ್ನು ಕೊಡುತ್ತಾರೆ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಜಡಬೇಸರ, ಹೊಗಳಿಕೆಯ ಹಂಬಲ ಮತ್ತು ಗರ್ವ. ಅವರು ಇವನ್ನು ಎಂಟು ಪಾಪಗಳೆಂದು ಕರೆಯಲಿಲ್ಲ, ಎಂಟು ಆಲೋಚನೆಗಳೆಂದು ಕರೆದರು. ಇವು ನಮ್ಮನ್ನು ಕಾಡುತ್ತವೆಯೋ ಇಲ್ಲವೋ ಎಂಬುದು ನಮ್ಮ ಕೈಯಲ್ಲಿಲ್ಲ. ಬಂದವು ನಮ್ಮಲ್ಲಿ ಬೀಡುಬಿಡುತ್ತವೆಯೋ ಇಲ್ಲವೋ, ನಮ್ಮನ್ನು ಕೆರಳಿಸುತ್ತವೆಯೋ ಇಲ್ಲವೋ ಎಂಬುದು ನಮಗೆ ಸೇರಿದ್ದು ಎಂಬುದು ಅವರ ತಿಳುವಳಿಕೆ. ಮೊದಲ ಪ್ರಶ್ನೆಗೆ ಇದರಲ್ಲಿ ಅರ್ಧ ಉತ್ತರ ಸಿಕ್ಕಿತು.

ಆ ಎಂಟರಲ್ಲಿ ಜಡಬೇಸರದ ವಿವರಣೆ ಓದುವಾಗ ಹದಿನಾರು ಶತಮಾನಗಳ ಅಂತರ ಇದ್ದಂತೆಯೇ ಅನಿಸುವುದಿಲ್ಲ. ಅದು ನಡುಹಗಲಿನಲ್ಲಿ ಬರುತ್ತದೆ. ಸೂರ್ಯ ನಿಂತಲ್ಲೇ ನಿಂತಂತೆ, ದಿನಕ್ಕೆ ಐವತ್ತು ತಾಸುಗಳಿದ್ದಂತೆ ಅನಿಸುತ್ತದೆ. ಸನ್ಯಾಸಿ ಕಿಟಕಿಯತ್ತ ನೋಡುತ್ತಾನೆ, ಊಟದ ಹೊತ್ತಾಯಿತೇ ಎಂದು ಹೊರಗೆ ಬಂದು ಬಿಸಿಲು ಅಳೆಯುತ್ತಾನೆ, ಯಾರಾದರೂ ಬರುತ್ತಿದ್ದಾರೆಯೇ ಎಂದು ದಾರಿ ನೋಡುತ್ತಾನೆ. ಇರುವ ಜಾಗ ಹಿಡಿಸದು, ಕೈಯ ಕೆಲಸ ಹಿಡಿಸದು. ಜೊತೆಯವರಲ್ಲಿ ಪ್ರೀತಿಯೇ ಇಲ್ಲ ಎನಿಸುತ್ತದೆ. ಬೇರೆ ಊರಿನಲ್ಲಾದರೆ, ಬೇರೆ ಕಸುಬಾದರೆ ಎಲ್ಲ ಸುಲಭವಾಗಿರುತ್ತಿತ್ತು ಎಂಬ ಆಸೆ ಬೆಳೆಯುತ್ತದೆ. ಈ ಮನುಷ್ಯನನ್ನು ನಾವು ದಿನಾ ಕಾಣುತ್ತೇವೆ. ಆಫೀಸಿನ ಮೇಜಿನ ಮುಂದೆ, ಬಸ್ಸಿನ ಸೀಟಿನಲ್ಲಿ, ಒಮ್ಮೊಮ್ಮೆ ಆರಾಧನಾಲಯದೊಳಗೂ ಮೊಬೈಲ್ ತೆಗೆದು ನೋಡಿ ಇಡುವವನು, ಅರೆನಿಮಿಷದಲ್ಲಿ ಮತ್ತೆ ತೆಗೆಯುವವನು ಬೇರೆ ಯಾರೂ ಅಲ್ಲ, ನಾವೇ. ಅವನಿಗೊಂದು ಕಿಟಕಿ ಇತ್ತು, ನಮ್ಮ ಕಿಟಕಿ ಜೇಬಿನಲ್ಲಿದೆ.

ಆಲೋಚನೆಗಳನ್ನು ಎದುರಿಸುವ ಬಗೆ ಹೇಗೆ? ಇವಾಗ್ರಿಯಸ್ ಹೇಳುವುದು ಬಾಗಿಲು ಕಾಯುವವನ ಕೆಲಸ. ಬಂದ ಪ್ರತಿಯೊಂದು ಆಲೋಚನೆಯನ್ನೂ ಬಾಗಿಲಲ್ಲೇ ನಿಲ್ಲಿಸಿ, ನೀನು ನಮ್ಮವನೋ ಶತ್ರುಗಳ ಕಡೆಯವನೋ ಎಂದು ವಿಚಾರಿಸಬೇಕು. ಬಾಗಿಲನ್ನೇ ಮುಚ್ಚಿಬಿಡಿ ಎಂದು ಅವರು ಹೇಳುವುದಿಲ್ಲ, ಅದು ಸಾಧ್ಯವೂ ಇಲ್ಲ. ಮರುಭೂಮಿಯ ಹಿರಿಯರಲ್ಲೊಬ್ಬರಾದ ಪೊಯ್ಮೆನ್ ಅವರ ಬಗ್ಗೆ ಒಂದು ಕಥೆಯಿದೆ. ಆಲೋಚನೆಗಳ ಕಾಟ ತಡೆಯಲಾಗದು ಎಂದು ಒಬ್ಬ ಸಹೋದರ ಬಂದು ಗೋಳಾಡಿದ. ಪೊಯ್ಮೆನ್ ಅವನನ್ನು ಬಯಲಿಗೆ ಕರೆದೊಯ್ದು, ಬಟ್ಟೆ ಹರಡಿ ಗಾಳಿಯನ್ನು ಹಿಡಿದು ನಿಲ್ಲಿಸು ಎಂದರು. ಆಗುವುದಿಲ್ಲ ಎಂದ. ಹಾಗೆಯೇ ಆಲೋಚನೆಗಳು ಬರದಂತೆ ತಡೆಯುವುದೂ ಆಗದು, ಅವಕ್ಕೆ ಒಪ್ಪದೆ ನಿಲ್ಲುವುದು ಮಾತ್ರ ನಿನ್ನ ಕೆಲಸ ಎಂದು ಹೇಳಿ ಕಳಿಸಿದರು.

ಬರುವುದಕ್ಕೂ ಒಪ್ಪುವುದಕ್ಕೂ ನಡುವೆ ಏನು ನಡೆಯುತ್ತದೆ ಎಂಬುದನ್ನು ಮುಂದಿನವರು ಮೆಟ್ಟಿಲು ಮೆಟ್ಟಿಲಾಗಿ ವಿವರಿಸಿದರು. ಉತ್ತರ ಆಫ್ರಿಕದ ಆಗಸ್ಟಿನ್ ಪರ್ವತ ಪ್ರಸಂಗಕ್ಕೆ ಬರೆದ ವ್ಯಾಖ್ಯಾನದಲ್ಲಿ ಮೂರು ಹಂತಗಳನ್ನು ಗುರುತಿಸುತ್ತಾರೆ: ಸೂಚನೆ, ಸುಖ, ಸಮ್ಮತಿ. ಸಮ್ಮತಿ ಕೊಟ್ಟಾಗಲೇ ಪಾಪ ಪೂರ್ಣವಾಗುವುದು. ಏಳನೆಯ ಶತಮಾನದಲ್ಲಿ ಸಿನಾಯ್ ಬೆಟ್ಟದ ಮಠಾಧಿಪತಿಯಾಗಿದ್ದ ಜಾನ್ ಕ್ಲೈಮಕಸ್ ಇದನ್ನು ಇನ್ನೂ ಬಿಡಿಸಿ ಹೇಳುತ್ತಾರೆ. ಮೊದಲು ಆಲೋಚನೆ ಬಂದು ತಟ್ಟುತ್ತದೆ, ಅದರಲ್ಲಿ ತಪ್ಪಿಲ್ಲ. ಆಮೇಲೆ ನಾವು ಅದರೊಡನೆ ಮಾತಿಗೆ ತೊಡಗುತ್ತೇವೆ. ನಂತರ ಸಂತೋಷದಿಂದ ಒಪ್ಪುತ್ತೇವೆ. ಆಮೇಲೆ ಅದು ನಮ್ಮನ್ನು ಎಳೆದುಕೊಂಡು ಹೋಗುತ್ತದೆ. ಬಹುಕಾಲ ಒಳಗೆ ನೆಲೆಸಿದರೆ ಕೊನೆಗೆ ಅದೇ ನಮ್ಮ ಸ್ವಭಾವವಾಗಿಬಿಡುತ್ತದೆ. ಹೋರಾಡುವ ಅವಕಾಶ ನಡುವೆ ಇದ್ದೇ ಇರುತ್ತದೆ, ಆದರೆ ತಡವಾದಷ್ಟೂ ಕಷ್ಟ.

ಮದುವೆ ಮನೆಯ ಮಾತಿಗೆ ಮರಳಿದರೆ, ದಾಯಾದಿಯನ್ನು ಕಂಡಾಗ ಹಳೆಯ ಜಗಳ ನೆನಪಾದದ್ದು ತಪ್ಪಲ್ಲ. ಅದಕ್ಕೆ ಮಣೆ ಹಾಕಿ ಕೂರಿಸಿ, ‘ಆಮೇಲೆ ಏನಾಯ್ತು ಹೇಳು’ ಎಂದು ನಾವೇ ಕೇಳತೊಡಗಿದ್ದು ತಪ್ಪಿನ ಆರಂಭ. ವ್ಯಾಪಾರ ಇಳಿದ ಸುದ್ದಿಗೆ ತಂಪು ಸುಳಿದದ್ದು ಒಂದು ಕ್ಷಣದ ದೌರ್ಬಲ್ಯವಿರಬಹುದು. ಇನ್ನಷ್ಟು ಇಳಿಯಲಿ ಎಂದು ಹಾರೈಸಿದ್ದು, ಮನೆಗೆ ಬಂದು ಆ ಸುದ್ದಿಯನ್ನು ಮತ್ತೆ ಮತ್ತೆ ಸವಿದದ್ದು ನಾವೇ ಮಾಡಿದ ಕೆಲಸ. ಕೈ ಮಾಡದಿದ್ದರೂ ಅದು ಕೆಲಸವೇ.

ಇದೇ ವಿವೇಕ ಇಸ್ಲಾಮಿನ ಪರಂಪರೆಯಲ್ಲಿಯೂ ಇರುವುದನ್ನು ನಮ್ಮ ಓದುಗರು ಗುರುತಿಸಿರಬಹುದು. ಮನಸ್ಸಿನಲ್ಲಿ ಸುಳಿದದ್ದನ್ನು ಆಡದಿದ್ದರೆ, ಮಾಡದಿದ್ದರೆ ಅಲ್ಲಾಹನು ಮನ್ನಿಸುತ್ತಾನೆ ಎಂಬ ಆಶಯದ ಪ್ರವಾದಿವಚನ ಪ್ರಸಿದ್ಧವಾಗಿದೆ. ಬಸ್ರಾದಲ್ಲಿ ಹುಟ್ಟಿ ಬಾಗ್ದಾದಿನಲ್ಲಿ 857ರಲ್ಲಿ ತೀರಿಕೊಂಡ ಅಲ್ ಮುಹಾಸಿಬಿ ಅವರಿಗೆ ಆ ಹೆಸರು ಬಂದದ್ದೇ ತನ್ನ ಮನಸ್ಸಿನ ಲೆಕ್ಕವನ್ನು ತಾನೇ ಕೇಳಿಕೊಳ್ಳುವ ಅಭ್ಯಾಸದಿಂದ. ಇಮಾಮ್ ಗಝಾಲಿಯವರೂ ತಾನಾಗಿ ಸುಳಿಯುವ ಆಲೋಚನೆಯನ್ನು ದೃಢ ಸಂಕಲ್ಪದಿಂದ ಬೇರ್ಪಡಿಸಿ, ಹೊಣೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಚರ್ಚಿಸಿದ್ದಾರೆ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಮನುಷ್ಯ ಸ್ವಭಾವದ ಬಗ್ಗೆ, ಬಿಡುಗಡೆಯ ಬಗ್ಗೆ ಎರಡರ ನಂಬಿಕೆ ಬೇರೆಬೇರೆ. ಆದರೂ ಮನಸ್ಸನ್ನು ಹತ್ತಿರದಿಂದ ನೋಡಿದವರು ಕಂಡದ್ದರಲ್ಲಿ ಹೋಲಿಕೆ ಇರುವುದು ಆಶ್ಚರ್ಯವಲ್ಲ.

ಕೆಟ್ಟದ್ದನ್ನು ಹೊರಹಾಕಿದರೆ ಸಾಕೇ? ಸಾಲದು ಎಂಬುದಕ್ಕೆ ಯೇಸು ಹೇಳಿದ ದೃಷ್ಟಾಂತವೇ ಇದೆ. ಒಬ್ಬನಿಂದ ಹೊರಬಿದ್ದ ದೆವ್ವ ಎಲ್ಲಿಯೂ ನೆಲೆ ಸಿಗದೆ ತಿರುಗಿ ಬಂದು ನೋಡಿದರೆ, ಮನೆ ಗುಡಿಸಿ ಒಪ್ಪವಾಗಿದೆ, ಆದರೆ ಖಾಲಿಯಾಗಿದೆ. ಅದು ತನಗಿಂತ ಕೆಟ್ಟ ಏಳು ದೆವ್ವಗಳನ್ನು ಕರೆತಂದು ಅಲ್ಲೇ ವಾಸಮಾಡುತ್ತದೆ. ಖಾಲಿ ಮನೆಗೆ ಕಾವಲಿದ್ದರೂ ಪ್ರಯೋಜನವಿಲ್ಲ, ಮನೆಯಲ್ಲಿ ವಾಸವಿರಬೇಕು. ಆದ್ದರಿಂದಲೇ ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಸತ್ಯವಾದದ್ದು, ನ್ಯಾಯವಾದದ್ದು, ಶುದ್ಧವಾದದ್ದು, ಪ್ರೀತಿಕರವಾದದ್ದು ಯಾವುದೋ ಅದರ ಮೇಲೆ ಮನಸ್ಸಿಡಿರಿ ಎಂದು ಹೇಳಿದ್ದು. ಅದಕ್ಕೆ ಮೊದಲು ಅವರು ಇನ್ನೊಂದು ಮಾತು ಹೇಳುತ್ತಾರೆ: ದೇವರ ಶಾಂತಿಯು ನಿಮ್ಮ ಹೃದಯಗಳನ್ನೂ ಆಲೋಚನೆಗಳನ್ನೂ ಕಾಯುವುದು. ಅಲ್ಲಿ ‘ಕಾಯು’ ಎಂಬುದಕ್ಕೆ ಬಳಸಿದ ಗ್ರೀಕ್ ಪದ ಸೈನಿಕರ ಪಹರೆಗೆ ಸಂಬಂಧಿಸಿದ್ದು. ಫಿಲಿಪ್ಪಿ ನಿವೃತ್ತ ರೋಮನ್ ಸೈನಿಕರನ್ನು ನೆಲೆಗೊಳಿಸಿದ್ದ ಪಟ್ಟಣ. ಅಲ್ಲಿಯವರಿಗೆ ಪಹರೆಯೆಂದರೇನೆಂದು ವಿವರಿಸಬೇಕಾಗಿರಲಿಲ್ಲ. ಕ್ರೈಸ್ತರ ದೃಷ್ಟಿಯಲ್ಲಿ ಮನುಷ್ಯ ಒಬ್ಬನೇ ತನ್ನ ಮನಸ್ಸಿಗೆ ಪಹರೆ ನಿಲ್ಲುವುದಿಲ್ಲ. ಅವನಿಗೆ ನಿದ್ದೆ ಬರುತ್ತದೆ. ದೇವರ ಕೃಪೆ ಅವನ ಜೊತೆ ಎಚ್ಚರವಾಗಿರುತ್ತದೆ ಎಂಬುದೇ ಅವರ ಭರವಸೆ.

ಈ ಭರವಸೆ ಕೈಬಿಟ್ಟಲ್ಲಿ ಮನಸ್ಸಿನ ಕಾವಲು ಒಂದು ಕಾಯಿಲೆಯಾಗಬಹುದು. ಇದು ಊಹೆಯ ಮಾತಲ್ಲ. ಜೆಸ್ವಿತ್ ಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ, ಎಷ್ಟು ಸಲ ಪಾಪನಿವೇದನೆ ಮಾಡಿದರೂ ಏನೋ ಉಳಿದುಹೋಯಿತೆಂಬ ಶಂಕೆಯಲ್ಲಿ ಬಿದ್ದು, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ಇಂಗ್ಲೆಂಡಿನ ಬೋಧಕ ಜಾನ್ ಬನಿಯನ್, ಕ್ರಿಸ್ತನನ್ನು ಮಾರಿಬಿಡು ಎಂಬ ಒಂದೇ ಆಲೋಚನೆ ಹಗಲಿರುಳು ತನ್ನನ್ನು ಬಡಿದ ಕಥೆಯನ್ನು 1666ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಇಂಥ ಕಾಟ ಇಂದಿಗೂ ಅನೇಕರಿಗಿದೆ. ದೇವರ ಬಗ್ಗೆಯೇ ಹೊಲಸು ಆಲೋಚನೆ ಬರುತ್ತದೆಂದು ಹೆದರಿ, ಪ್ರಾರ್ಥನೆಯನ್ನು ಮತ್ತೆ ಮತ್ತೆ ಮೊದಲಿಂದ ಶುರುಮಾಡುವವರನ್ನು ನಾವು ಎಲ್ಲ ಧರ್ಮಗಳಲ್ಲೂ ಕಾಣುತ್ತೇವೆ. ಅವರಿಗೆ ಇನ್ನಷ್ಟು ಎಚ್ಚರದ ಉಪದೇಶ ಕೊಡುವುದು ಗಾಯಕ್ಕೆ ಉಪ್ಪು ಹಾಕಿದಂತೆ. ಕರೆಯದೆ ಬಂದ ಆಲೋಚನೆ ನಿನ್ನದಲ್ಲ, ಅದನ್ನು ಕಂಡು ನೀನು ಹೆದರುತ್ತಿರುವುದೇ ನೀನು ಒಪ್ಪಿಲ್ಲ ಎಂಬುದಕ್ಕೆ ಸಾಕ್ಷಿ ಎಂದು ಅವರಿಗೆ ಹೇಳಬೇಕು. ಅಗತ್ಯವಿದ್ದರೆ ಮನೋವೈದ್ಯರ ಬಳಿಗೂ ಸಂಕೋಚವಿಲ್ಲದೆ ಕರೆದೊಯ್ಯಬೇಕು. ಇಗ್ನೇಷಿಯಸ್ ಮುಂದೆ ಕಲಿಸಿದ ದಿನದ ಆತ್ಮಪರಿಶೀಲನೆ ತಪ್ಪುಗಳ ಪಟ್ಟಿಯಿಂದ ಶುರುವಾಗುವುದಿಲ್ಲ, ದೇವರಿಗೆ ಸಲ್ಲಿಸುವ ಕೃತಜ್ಞತೆಯಿಂದ ಶುರುವಾಗುತ್ತದೆ. ಅದರ ಹಿಂದೆ ಮನ್ರೇಸಾದ ನೋವಿನ ಪಾಠ ಇದ್ದಿರಬೇಕು ಎಂದು ನಮಗೆ ಅನಿಸುತ್ತದೆ.

ಎರಡನೆಯ ಅಪಾಯ ಇದಕ್ಕಿಂತ ಸಾಮಾನ್ಯವಾದದ್ದು. ನಮ್ಮ ಬಾಗಿಲು ಕಾಯುವ ಬದಲು ಪಕ್ಕದ ಮನೆಯ ಬಾಗಿಲು ಕಾಯಲು ಹೋಗುವುದು. ಇವಾಗ್ರಿಯಸ್ ಅವರ ಎಂಟು ಆಲೋಚನೆಗಳನ್ನು ಜಾನ್ ಕ್ಯಾಸಿಯನ್ ಲ್ಯಾಟಿನ್ ಭಾಷೆಗೆ ತಂದರು. ಆರನೆಯ ಶತಮಾನದ ಕೊನೆಗೆ ಮೊದಲನೆಯ ಗ್ರೆಗರಿ ಪೋಪರು ಅವನ್ನು ಏಳಾಗಿ ಹೊಂದಿಸಿದರು. ಕಾಲಕ್ರಮದಲ್ಲಿ ಅವೇ ‘ಏಳು ಮಹಾಪಾಪ’ಗಳೆಂದು ಹೆಸರಾದವು. ತನ್ನ ಮನಸ್ಸನ್ನು ತಾನು ಓದಿಕೊಳ್ಳಲು ಇದ್ದ ಪಟ್ಟಿ, ಇನ್ನೊಬ್ಬರನ್ನು ಅಳೆಯುವ ಕೋಲೂ ಆಗಬಹುದಾಯಿತು. ಮರುಭೂಮಿಯವರಿಗೆ ಈ ಅಪಾಯ ಗೊತ್ತಿತ್ತು. ಅವರಲ್ಲಿ ಮೋಸೆಸ್ ಎಂಬ ಕಪ್ಪು ವರ್ಣದ ಹಿರಿಯರಿದ್ದರು, ಹಿಂದೆ ದರೋಡೆಕೋರರಾಗಿದ್ದವರು. ತಪ್ಪು ಮಾಡಿದ ಸಹೋದರನೊಬ್ಬನ ವಿಚಾರಣೆಗೆ ಎಲ್ಲರೂ ಸೇರಿ ಇವರಿಗೂ ಹೇಳಿಕಳಿಸಿದರು. ಇವರು ಸೋರುವ ಪಾತ್ರೆಯೊಂದರಲ್ಲಿ ನೀರು ತುಂಬಿ ಬೆನ್ನಿಗೆ ಹೊತ್ತು ಬಂದರು. ಇದೇನೆಂದು ಕೇಳಿದಾಗ, ನನ್ನ ಪಾಪಗಳು ನನ್ನ ಹಿಂದೆ ಸುರಿಯುತ್ತಿವೆ, ನನಗೇ ಕಾಣುವುದಿಲ್ಲ, ನಾನು ಇನ್ನೊಬ್ಬನ ತಪ್ಪಿಗೆ ತೀರ್ಪು ಹೇಳಲು ಬಂದಿದ್ದೇನೆ ಎಂದರು. ಆ ಸಹೋದರನನ್ನು ಕ್ಷಮಿಸಲಾಯಿತು.

ಮೂರನೆಯ ಅಪಾಯವೂ ಇದೆ. ಮನಸ್ಸನ್ನು ತೊಳೆಯುತ್ತ ಕುಳಿತವನು ಹೊರಗಿನ ಅನ್ಯಾಯಕ್ಕೆ ಕುರುಡನಾಗಬಹುದು. ನಾಲ್ಕನೆಯ ಶತಮಾನದ ಬಸಿಲ್ ಇದನ್ನು ಮನಗಂಡು, ಒಬ್ಬನೇ ಇದ್ದರೆ ನೀನು ಯಾರ ಪಾದ ತೊಳೆಯುತ್ತೀ ಎಂಬ ಅರ್ಥದ ಪ್ರಶ್ನೆಯನ್ನು ಏಕಾಂತವಾಸಿಗಳ ಮುಂದಿಟ್ಟರು. ಕೂಲಿಯವನ ಸಂಬಳ ಹಿಡಿದಿಟ್ಟು, ತನ್ನ ಮನಸ್ಸಿನಲ್ಲಿ ಕೋಪವಿಲ್ಲ ಎಂದು ಸಮಾಧಾನಪಡುವವನು ಏನನ್ನು ಕಾಯುತ್ತಿದ್ದಾನೆ? ಹೃದಯದ ಕಾವಲು ನೆರೆಯವನ ಹಕ್ಕನ್ನು ಕೊಡುವುದಕ್ಕೆ ಬದಲಿಯಲ್ಲ, ಅದಕ್ಕೆ ತಯಾರಿ.

ಇಷ್ಟೆಲ್ಲ ಇಂದು ನಮಗೇಕೆ ಎಂದು ಕೇಳಬಹುದು. ನಮ್ಮ ಊರುಗಳಲ್ಲಿ ಕಲ್ಲು ತೂರಿದ ದಿನ ಪೊಲೀಸರು ಬರುತ್ತಾರೆ, ಪತ್ರಿಕೆಗಳು ಬರೆಯುತ್ತವೆ. ಆದರೆ ಆ ಕಲ್ಲು ಕೈಗೆ ಬರುವ ಮೊದಲು ಎಷ್ಟು ಕಾಲ ಮನಸ್ಸಿನಲ್ಲಿತ್ತು? ಯಾರೋ ಕಳಿಸಿದ ಒಂದು ವಿಡಿಯೋ, ಊರು ಹೆಸರಿಲ್ಲದ ಒಂದು ಸುದ್ದಿ ಮೊಬೈಲಿಗೆ ಬರುತ್ತದೆ. ‘ಅವರು’ ಎಂದರೆ ಹೀಗೆಯೇ ಎಂಬ ಮಾತು ಅದರ ಜೊತೆಗಿರುತ್ತದೆ. ಅದು ಬಂದದ್ದಕ್ಕೆ ನಾವು ಹೊಣೆಯಲ್ಲ. ನಿಜವೋ ಸುಳ್ಳೋ ಎಂದು ಬಾಗಿಲಲ್ಲಿ ನಿಲ್ಲಿಸಿ ಕೇಳದೆ ಒಳಗೆ ಕರೆದದ್ದಕ್ಕೆ, ಅದರಲ್ಲಿ ಗುಟ್ಟಾಗಿ ಸುಖಪಟ್ಟದ್ದಕ್ಕೆ, ಹತ್ತು ಜನರಿಗೆ ಕಳಿಸಿದ್ದಕ್ಕೆ ಹೊಣೆ ನಾವೇ. ಮರುನಾಳೆ ಬೆಳಿಗ್ಗೆ ಹಾಲು ಕೊಡುವವರ, ರಿಕ್ಷಾ ಓಡಿಸುವವರ, ಮಗುವಿಗೆ ಪಾಠ ಹೇಳುವವರ ಮುಖ ನೋಡುವಾಗ ನಮ್ಮ ಕಣ್ಣು ಬದಲಾಗಿರುತ್ತದೆ. ಅವರು ಏನೂ ಮಾಡಿರುವುದಿಲ್ಲ. ಕ್ಲೈಮಕಸ್ ಹೇಳಿದ ಮೆಟ್ಟಿಲುಗಳನ್ನು ನಾವು ಒಂದೇ ರಾತ್ರಿಯಲ್ಲಿ ಇಳಿದಿರುತ್ತೇವೆ. ಹಿಂದೂಗಳಾಗಲಿ ಮುಸ್ಲಿಮರಾಗಲಿ ಕ್ರೈಸ್ತರಾಗಲಿ, ಈ ವಿಷಯದಲ್ಲಿ ತಾವು ನಿರ್ದೋಷಿಗಳೆಂದು ಹೇಳಬಲ್ಲವರು ನಮ್ಮಲ್ಲಿ ಕಡಿಮೆ.

ಮರುಭೂಮಿಯವರು ಇದಕ್ಕೆ ಹೇಳಿದ ಮದ್ದು ಸರಳವಾದದ್ದು. ಕೈಗೆ ಕೆಲಸ ಕೊಡಬೇಕು. ನಂಬಿಕಸ್ತ ಹಿರಿಯರೊಬ್ಬರ ಮುಂದೆ ಮನಸ್ಸು ಬಿಚ್ಚಬೇಕು, ಏಕೆಂದರೆ ಮುಚ್ಚಿಟ್ಟ ಆಲೋಚನೆಗೆ ಬಲ ಹೆಚ್ಚು. ಮನಸ್ಸಿನಲ್ಲಿ ನಡೆದದ್ದನ್ನು, ಯಾರಿಗೋ ತೋರಿಸಲೇಬೇಕೆಂಬಂತೆ, ಬರೆದಿಡಿ ಎಂದು ಅಂತೋಣಿ ತಮ್ಮ ಜೊತೆಗಾರರಿಗೆ ಹೇಳಿದ್ದರಂತೆ. ಬರೆಯಲು ನಾಚುವುದನ್ನು ನಾವು ಯೋಚಿಸಲೂ ನಾಚುತ್ತೇವೆ ಎಂಬುದು ಅದರ ತರ್ಕ. ಇನ್ನು ಹಗೆಯ ವಿಷಯದಲ್ಲಿ ಸುವಾರ್ತೆ ಹೇಳುವ ದಾರಿ ಇನ್ನೂ ನೇರ: ಯಾರ ಮೇಲೆ ಮನಸ್ಸು ಕಹಿಯಾಗಿದೆಯೋ ಅವರಿಗಾಗಿ ಪ್ರಾರ್ಥಿಸು, ಅವನಿಗೆ ನಿನ್ನ ಮೇಲೆ ಏನಾದರೂ ದೂರಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಹೋಗಿ ಮೊದಲು ರಾಜಿಮಾಡಿಕೋ. ಮನಸ್ಸಿನ ಜಗಳ ಮನಸ್ಸಿನಲ್ಲೇ ಮುಗಿಯುವುದಿಲ್ಲ. ಕಾಲು ನಡೆದು ಹೋಗಬೇಕಾಗುತ್ತದೆ.

ಅಂದ ಮೇಲೆ ಮುಂದಿನ ಮದುವೆ ಮನೆಯವರೆಗೆ ಕಾಯಬೇಕೇ? ಆ ದಾಯಾದಿಯ ಅಂಗಡಿ ನಮ್ಮ ಬೀದಿಯಿಂದ ಬಹಳ ದೂರವೇನೂ ಇಲ್ಲ. ವ್ಯಾಪಾರ ನಿಜವಾಗಿಯೂ ಇಳಿದಿದ್ದರೆ, ಈ ತಿಂಗಳ ಸಾಮಾನನ್ನು ಅಲ್ಲಿಂದಲೇ ತರಬಹುದು. ಹೋಗುವ ದಾರಿಯಲ್ಲಿ ಹಳೆಯ ಜಗಳ ಮತ್ತೆ ನೆನಪಾಗುತ್ತದೆ, ಖಂಡಿತ. ಅದು ತಟ್ಟುತ್ತಿರಲಿ, ನಾವು ನಡೆಯುತ್ತಿರೋಣ.